ಶಾಲೆ ಬಿಟ್ಟ ಮೇಲೆ ಆ ಮಕ್ಕಳು ಎಲ್ಲಿಗೆ ಹೋಗುತ್ತಾರೆ?

ಹೋದ ಸಂಚಿಕೆಯಲ್ಲಿ, ಬಡ ಮಕ್ಕಳಿಗೆ ಉಚಿತವಾಗಿ ಪಾಠ ಹೇಳಿಕೊಡಲು ನಾನು ಹೋಗುವ ಸಂಜೆ ತರಗತಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಕ್ಯಾಲಿಫೋರ್ನಿಯಾದ ಒಂದು ಪಬ್ಲಿಕ್ ಹೈಸ್ಕೂಲು, ಮಂಗಳವಾರ ಮತ್ತು ಗುರುವಾರ, ಶಾಲೆ ಬಿಟ್ಟ ಮೇಲೆ ಎರಡೂವರೆ ಗಂಟೆ. 11 ವರ್ಷದಿಂದ ಹೋಗುತ್ತಿದ್ದೇನೆ. ಆ ನಾಲ್ಕು ಸಾಲಿಗೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇಡೀ ಅಂಕಣವನ್ನು ಈ ಮಕ್ಕಳಿಗೇ ಕೊಡುತ್ತಿದ್ದೇನೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿಕೊಂಡಿದ್ದೇನೆ, ಕೇಳಿದವರ ಹೆಸರು ಹಾಕಿಲ್ಲ.

ಪ್ರಶ್ನೆ: ಅಮೆರಿಕದಂಥ ಶ್ರೀಮಂತ ದೇಶದಲ್ಲಿ, ಅದೂ ಪಬ್ಲಿಕ್ ಸ್ಕೂಲಿನಲ್ಲಿ ಓದುವ ಮಕ್ಕಳಿಗೆ ಸಂಜೆ ಉಚಿತ ಪಾಠ ಯಾಕೆ ಬೇಕು? ನಮ್ಮ ಕಡೆ ಪಬ್ಲಿಕ್ ಸ್ಕೂಲ್ ಅಂದ್ರೆ ದುಡ್ಡಿದ್ದವರು ಹೋಗುವ ಶಾಲೆ.
— ಮೈಸೂರಿನಿಂದ ಒಬ್ಬ ನಿವೃತ್ತ ಮೇಷ್ಟ್ರು

ಉತ್ತರ: ಮೇಷ್ಟ್ರೇ, ಹೆಸರಿನ ಗೊಂದಲ ಮೊದಲು ಬಿಡಿಸುತ್ತೇನೆ. ಇಲ್ಲಿ ಪಬ್ಲಿಕ್ ಸ್ಕೂಲ್ ಅಂದರೆ ಸರ್ಕಾರಿ ಶಾಲೆ. ಫೀಸಿಲ್ಲ, ಆ ಬಡಾವಣೆಯ ಮಕ್ಕಳಿಗೆಲ್ಲ ಬಾಗಿಲು ತೆರೆದಿರುತ್ತದೆ. ಆದರೆ ಎಲ್ಲ ಸರ್ಕಾರಿ ಶಾಲೆಯೂ ಒಂದೇ ಥರ ಇರುವುದಿಲ್ಲ. ಶಾಲೆಗೆ ಬರುವ ದುಡ್ಡಿನಲ್ಲಿ ಹತ್ತಿರ ಹತ್ತಿರ ಅರ್ಧ ಆಯಾ ಊರಿನಿಂದಲೇ ಬರಬೇಕು, ಅದರಲ್ಲಿ ಬಹುಪಾಲು ಮನೆ-ಜಮೀನಿನ ಮೇಲಿನ ತೆರಿಗೆ. ಮನೆಗಳ ಬೆಲೆ ಜಾಸ್ತಿ ಇರುವ ಕಡೆ ಶಾಲೆಗೆ ದುಡ್ಡು ಜಾಸ್ತಿ. ಬಾಡಿಗೆ ಅಪಾರ್ಟ್‌ಮೆಂಟುಗಳೇ ತುಂಬಿರುವ ಕಡೆ ಕಡಿಮೆ. ಕೆಲವು ರಾಜ್ಯಗಳು ಈ ಅಂತರವನ್ನು ತುಂಬಲು ನೋಡುತ್ತವೆ, ಆದರೆ ಎಲ್ಲ ಕಡೆ ಅದು ಪೂರ್ತಿ ತುಂಬುವುದಿಲ್ಲ.

ಇದನ್ನು ಸರಿಪಡಿಸೋಣ ಅಂತಲೇ 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಬಡ ಮಕ್ಕಳು ಜಾಸ್ತಿ ಇರುವ ಶಾಲೆಗಳಿಗೆ ಕೇಂದ್ರದಿಂದ ಹಣ ಕೊಡುವ ಕಾನೂನು ತಂದರು. ನಿಮಗೆ ಇಷ್ಟವಾಗುವ ಸಂಗತಿ ಹೇಳುತ್ತೇನೆ. ಜಾನ್ಸನ್ ಕೂಡ ಮೇಷ್ಟ್ರಾಗಿದ್ದವರು. 1928ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಟೆಕ್ಸಸ್‌ನ ಕೊಟುಲಾ ಅನ್ನುವ ಸಣ್ಣ ಊರಿನಲ್ಲಿ ಮೆಕ್ಸಿಕನ್ ಮೂಲದ ಬಡ ಮಕ್ಕಳಿಗೆ ಪಾಠ ಹೇಳಿದ್ದರು. ಪಾಠದ ಜೊತೆಗೆ ಆ ಮಕ್ಕಳಿಗೆ ಆಟ, ಚರ್ಚಾ ಸ್ಪರ್ಧೆ ಎಲ್ಲ ಶುರು ಮಾಡಿಸಿದ್ದರು. ಆ ಕಾನೂನಿಗೆ ಸಹಿ ಹಾಕಿದ್ದು ವೈಟ್ ಹೌಸಿನಲ್ಲಿ ಅಲ್ಲ. ತಾವು ಚಿಕ್ಕಂದಿನಲ್ಲಿ ಓದಿದ ಹಳ್ಳಿ ಶಾಲೆಯ ಮುಂದೆ, ತಮಗೆ ಮೊದಲು ಅಕ್ಷರ ಕಲಿಸಿದ ಟೀಚರನ್ನು ಪಕ್ಕದಲ್ಲಿ ಕೂರಿಸಿಕೊಂಡು.

ಆ ಹಣ ಇವತ್ತೂ ಬರುತ್ತಿದೆ. ಅದು ಶಾಲೆಯ ಹೊತ್ತಿನ ಪಾಠಕ್ಕೆ ಸಾಕಾಗುವುದೇ ಕಷ್ಟ. ಮಧ್ಯಾಹ್ನ 3 ಗಂಟೆಗೆ ಬೆಲ್ ಹೊಡೆಯುತ್ತದೆ, ಅಪ್ಪ ಅಮ್ಮ ಕೆಲಸದಿಂದ ಬರುವುದು 6ಕ್ಕೋ 7ಕ್ಕೋ. ದುಡ್ಡಿದ್ದವರ ಮಕ್ಕಳು ಆ ಹೊತ್ತಿನಲ್ಲಿ ಪಿಯಾನೋ, ಈಜು, ಗಣಿತದ ಟ್ಯೂಷನ್ ಅಂತ ಹೋಗುತ್ತಾರೆ. ಉಳಿದ ಮಕ್ಕಳಿಗೆ ಆ ಮೂರು ಗಂಟೆ ಖಾಲಿ. ಸಂಜೆ ಕಾರ್ಯಕ್ರಮಗಳು ಹುಟ್ಟಿಕೊಂಡಿದ್ದೇ ಆ ಮೂರು ಗಂಟೆಗಾಗಿ.

ಪ್ರಶ್ನೆ: ಅಕ್ಕ, ನಮಸ್ಕಾರ. ನಾನು ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನಮ್ಮ ಆಫೀಸಿನವರು ಪಕ್ಕದ ಊರಿನ ಮಿಡ್ಲ್ ಸ್ಕೂಲಿಗೆ ಗಣಿತ ಹೇಳಿಕೊಡಲು ತಿಂಗಳಿಗೆ ಒಂದು ದಿನ ಕಳಿಸುತ್ತಾರಂತೆ. ಇಂಜಿನಿಯರಿಂಗ್ ಓದಿದ್ದೇನೆ, ಗಣಿತ ಚೆನ್ನಾಗಿ ಬರುತ್ತೆ, ಆದರೆ ಕಲಿಸಿ ಗೊತ್ತಿಲ್ಲ. ಹೋಗಲಾ?
— ಎಡಿಸನ್‌ನಿಂದ ಒಬ್ಬ ತಂಗಿ

ಉತ್ತರ: ಹೋಗಮ್ಮ, ಆದರೆ ತಿಂಗಳಿಗೊಂದು ದಿನ ಬೇಡ. ವಾರಕ್ಕೆ ಒಂದು ದಿನವಾದರೂ ಹೋಗಲು ಆಗುತ್ತಾ ನೋಡು. ಆಗಲ್ಲ ಅಂದರೆ ಆ ಮಕ್ಕಳಿಗೆ ಪುಸ್ತಕವೋ ಕ್ಯಾಲ್ಕ್ಯುಲೇಟರೋ ಕೊಡಿಸು, ಅದೂ ಒಳ್ಳೆಯದೇ. ನೇರವಾಗಿ ಹೇಳುತ್ತಿದ್ದೇನೆ ಅಂತ ಬೇಜಾರು ಮಾಡಿಕೊಳ್ಳಬೇಡ. ಈ ಮಕ್ಕಳು ಬಂದು ಹೋಗುವವರನ್ನು ಬೇಕಾದಷ್ಟು ನೋಡಿರುತ್ತಾರೆ. ವರ್ಷಕ್ಕೆ ಎರಡು ಸಲ ಬದಲಾಗುವ ಗಣಿತದ ಟೀಚರು, ಒಂದೇ ತರಹದ ಟೀ-ಶರ್ಟ್ ಹಾಕಿಕೊಂಡು ಬಂದು ಫೋಟೋ ತೆಗೆಸಿಕೊಂಡು ಹೋಗುವ ಕಂಪನಿಯವರು. ಮೊದಲ ಮೂರು ವಾರ ಅವರು ನಿನ್ನ ಜೊತೆ ಸರಿಯಾಗಿ ಮಾತೇ ಆಡುವುದಿಲ್ಲ. ನಾಲ್ಕನೆಯ ವಾರವೂ ನೀನು ಅದೇ ದಿನ, ಅದೇ ಮೇಜಿಗೆ ಬಂದು ಕೂತಾಗ ಒಬ್ಬ ಬ್ಯಾಗಿನ ತಳದಿಂದ ಮುದುಡಿದ ಹಾಳೆಯೊಂದನ್ನು ತೆಗೆದು ಮುಂದೆ ಇಡುತ್ತಾನೆ. ಪಾಠ ಶುರುವಾಗುವುದು ಅಲ್ಲಿಂದ.

ಕಲಿಸಿ ಗೊತ್ತಿಲ್ಲ ಅನ್ನುವ ಹೆದರಿಕೆ ಬಿಡು. ಇಂಜಿನಿಯರಿಂಗ್ ಓದಿದವರಿಗೆ ಬೇರೆ ಒಂದು ತೊಂದರೆ ಇರುತ್ತದೆ, ಉತ್ತರ ಬೇಗ ಹೇಳಿಬಿಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಒಂದು ಸಂಜೆ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಪರೀಕ್ಷೆ ಪೇಪರ್ ತಂದ. ಯಾವುದೋ ಸಂಖ್ಯೆಗೆ 4 ಕೂಡಿಸಿ, ಬಂದದ್ದನ್ನು 3ರಿಂದ ಗುಣಿಸಿದರೆ 27 ಆಗುತ್ತದೆ, ಆ ಸಂಖ್ಯೆ ಎಷ್ಟು, ಇಷ್ಟೇ ಲೆಕ್ಕ. ಅವನ ಪೇಪರಿನಲ್ಲಿ ಜಾಗ ಖಾಲಿ, ಮಾರ್ಕು ಸೊನ್ನೆ. ನಾನು ಪೆನ್ಸಿಲ್ ತಗೊಂಡು ಸಮೀಕರಣ ಬಿಡಿಸಲು ಹೊರಟೆ. ಅಷ್ಟರಲ್ಲಿ ಅವನು ಮೆಲ್ಲಗೆ "ಐದು" ಅಂದ. ಹೇಗೆ ಬಂತು ಅಂತ ಕೇಳಿದೆ. ತುಂಬ ಹೊತ್ತು ಹೇಳಲೇ ಇಲ್ಲ. ಆಮೇಲೆ, "27 ಅಂದ್ರೆ ಮೂರು ಒಂಬತ್ತಲ, ಹಾಗಾಗಿ ಒಳಗೆ ಇರೋದು ಒಂಬತ್ತು, ಅದರಲ್ಲಿ ನಾಲ್ಕು ತೆಗೆದ್ರೆ ಐದು" ಅಂತ ಇಂಗ್ಲಿಷಿನಲ್ಲಿ ಗೊಣಗಿದ. ಮತ್ತೆ ಯಾಕೆ ಬರೆಯಲಿಲ್ಲ? "ಇದು ಸರಿಯಾದ ದಾರಿ ಅಲ್ಲ, ಮೋಸ ಅಂದುಕೊಂಡೆ" ಅಂದ.

ನೋಡಮ್ಮ, ಆ ಹುಡುಗ ಹೇಳಿದ್ದೇ ಬೀಜಗಣಿತ. ಅವನು ತಲೆಯೊಳಗೆ ಮಾಡಿದ ಎರಡು ಹೆಜ್ಜೆಯನ್ನೇ ಟೀಚರು ಬೋರ್ಡಿನ ಮೇಲೆ ಎರಡು ಸಾಲಿನಲ್ಲಿ ಬರೆಯುತ್ತಾರೆ. ಅದನ್ನು ಅವನಿಗೆ ತೋರಿಸಿದಾಗ ಅವನ ಮುಖ ನೋಡಬೇಕಿತ್ತು. ನಾನು ಬೇಗ ಬಿಡಿಸಿ ಕೊಟ್ಟಿದ್ದರೆ ತನಗೆ ಗಣಿತ ಬರುತ್ತೆ ಅಂತ ಅವನಿಗೆ ಗೊತ್ತೇ ಆಗುತ್ತಿರಲಿಲ್ಲ.

ಹೀಗೆ ಉತ್ತರ ಕೊಡದೆ ಪ್ರಶ್ನೆ ಕೇಳುತ್ತಾ ಹೋಗುವುದನ್ನೇ ಒಂದು ಪದ್ಧತಿಯಾಗಿ ಮಾಡಿಕೊಂಡ ಕಾರ್ಯಕ್ರಮ ಇದೆ, ಆ್ಯವಿಡ್ ಅಂತ. 1980ರಲ್ಲಿ ಸ್ಯಾನ್ ಡಿಯಾಗೋದ ಕ್ಲೇರ್‌ಮಾಂಟ್ ಹೈಸ್ಕೂಲಿನ ಇಂಗ್ಲಿಷ್ ಟೀಚರ್ ಮೇರಿ ಕ್ಯಾಥರೀನ್ ಸ್ವಾನ್ಸನ್ ಅದನ್ನು 32 ಮಕ್ಕಳಿಂದ ಶುರು ಮಾಡಿದರು. ಆಗ ಬಡ ಬಡಾವಣೆಗಳ ಮಕ್ಕಳನ್ನು ಬಸ್ಸಿನಲ್ಲಿ ಆ ಶಾಲೆಗೆ ಕರೆತರುತ್ತಿದ್ದರು. ಇವರಿಗೆ ಸುಲಭದ ಪಾಠ ಸಾಕು ಅಂತ ಬಹಳ ಜನ ಹೇಳಿದಾಗ ಆಕೆ ಒಪ್ಪಲಿಲ್ಲ. ಕಷ್ಟದ ಕ್ಲಾಸಿಗೇ ಹಾಕಿ, ಜೊತೆಗೆ ದಿನವೂ ಒಂದು ಪೀರಿಯಡ್ ಆಸರೆ ಕೊಡಿ ಅಂದರು. ನೋಟ್ಸ್ ಹೇಗೆ ಬರೆಯಬೇಕು, ಬ್ಯಾಗ್ ಹೇಗೆ ಜೋಡಿಸಬೇಕು, ಟೀಚರ ಹತ್ತಿರ ಹೋಗಿ ಡೌಟ್ ಹೇಗೆ ಕೇಳಬೇಕು ಅನ್ನುವುದೆಲ್ಲ ಅಲ್ಲಿ ಪಾಠವೇ. ಮಗು ತನಗೆ ಎಲ್ಲಿ ಗೊತ್ತಾಗುತ್ತಿಲ್ಲ ಅನ್ನುವುದನ್ನು ಪ್ರಶ್ನೆಯಾಗಿ ಬರೆದು ತರಬೇಕು. ಹೇಳಿಕೊಡುವವರು ಉತ್ತರ ಹೇಳುವ ಹಾಗಿಲ್ಲ. ಇವತ್ತು ಅದು ಸಾವಿರಾರು ಶಾಲೆಗಳಲ್ಲಿದೆ.

ಇನ್ನು ಕೆಲವು ಸಣ್ಣ ವಿಷಯ. ಮಕ್ಕಳ ಜೊತೆ ಕೆಲಸ ಮಾಡುವವರ ಹಿನ್ನೆಲೆ ಪರಿಶೀಲನೆ ಇರುತ್ತದೆ, ಬಹಳ ಕಡೆ ಬೆರಳಚ್ಚು ಕೇಳುತ್ತಾರೆ, ಕೆಲವು ವಾರ ಹಿಡಿಯುತ್ತದೆ, ಈಗಲೇ ಅರ್ಜಿ ಹಾಕು. ಪಾಠಕ್ಕೆ ಮೊದಲು ಮಕ್ಕಳಿಗೆ ಏನಾದರೂ ತಿನ್ನಲು ಕೊಡುತ್ತಾರಾ ವಿಚಾರಿಸು. ಎಷ್ಟೋ ಶಾಲೆಗಳಲ್ಲಿ ಊಟದ ಹೊತ್ತು 11 ಗಂಟೆಗೇ ಮುಗಿದಿರುತ್ತದೆ, 3ಕ್ಕೆ ಮಗುವಿಗೆ ಹಸಿವು ಬಿಟ್ಟರೆ ಬೇರೇನೂ ತಲೆಯಲ್ಲಿ ಇರುವುದಿಲ್ಲ. ಸಂಜೆ ಊಟ-ತಿಂಡಿಗೆ ಕೇಂದ್ರ ಸರ್ಕಾರದ ಹಣ ಇದೆ, ನಡೆಸುವವರು ಅರ್ಜಿ ಹಾಕಿದ್ದಾರಾ ಕೇಳು. ಆಮೇಲೆ ಬಸ್ಸು. ಸಂಜೆ ತಡವಾಗಿ ಹೊರಡುವ ಬಸ್ ಇಲ್ಲದ ಕಡೆ ದೂರದ ಮಕ್ಕಳು ಬರುವುದೇ ಇಲ್ಲ, ಎಷ್ಟು ಒಳ್ಳೆಯ ಪಾಠ ಇದ್ದರೂ.

ಪ್ರಶ್ನೆ: ಇಷ್ಟೆಲ್ಲ ಖರ್ಚು ಮಾಡಿ ನಡೆಸುವ ಕಾರ್ಯಕ್ರಮಗಳಿಂದ ನಿಜಕ್ಕೂ ಉಪಯೋಗ ಇದೆಯಾ? ಇಲ್ಲ ಅಂತ ಸಮೀಕ್ಷೆಗಳೇ ಹೇಳಿವೆ ಅಂತ ನನ್ನ ಸ್ನೇಹಿತರು ವಾದ ಮಾಡುತ್ತಾರೆ.
— ಚಿಕಾಗೋದಿಂದ ಒಬ್ಬರು

ಉತ್ತರ: ನಿಮ್ಮ ಸ್ನೇಹಿತರು ಸುಮ್ನೆ ಹೇಳುತ್ತಿಲ್ಲ. ಸಂಜೆ ಕಾರ್ಯಕ್ರಮಗಳಿಗೆ ಕೇಂದ್ರದಿಂದ ಹಣ ಕೊಡುವ ದೊಡ್ಡ ಯೋಜನೆಯೊಂದಿದೆ, '21ನೇ ಶತಮಾನದ ಸಮುದಾಯ ಕಲಿಕಾ ಕೇಂದ್ರಗಳು' ಅಂತ ಅದರ ಹೆಸರು. 2003ರಲ್ಲಿ ಅದರ ಬಗ್ಗೆ ಬಂದ ವರದಿ, ಮಕ್ಕಳ ಓದಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ ಅಂದಿತು. ಅದನ್ನೇ ಮುಂದಿಟ್ಟುಕೊಂಡು ಆಗಿನ ಸರ್ಕಾರ 100 ಕೋಟಿ ಡಾಲರಿನ ಅನುದಾನವನ್ನು 60 ಕೋಟಿಗೆ ಇಳಿಸಲು ಹೊರಟಿತ್ತು. ಆದರೆ ಸಂಸತ್ತು ಒಪ್ಪಲಿಲ್ಲ.

ಆ ವರದಿಯಲ್ಲೇ ಇನ್ನೊಂದು ಮಾತಿದೆ, ವಾದ ಮಾಡುವವರು ಅದನ್ನು ಬಿಟ್ಟುಬಿಡುತ್ತಾರೆ. ಮಿಡ್ಲ್ ಸ್ಕೂಲಿನ ಮಕ್ಕಳು ಅಲ್ಲಿಗೆ ಬರುತ್ತಿದ್ದದ್ದು ವಾರಕ್ಕೆ ಸುಮಾರು ಒಂದು ದಿನ! ಔಷಧಿಯನ್ನು ಐದು ದಿನಕ್ಕೊಮ್ಮೆ ಕುಡಿದು ಜ್ವರ ಬಿಡಲಿಲ್ಲ ಅಂದರೆ ಹೇಗೆ? ಈಚಿನ ವರ್ಷಗಳಲ್ಲಿ, ನಿಮ್ಮ ಚಿಕಾಗೋದ ಪಬ್ಲಿಕ್ ಹೈಸ್ಕೂಲುಗಳಲ್ಲೇ, ಒಬ್ಬ ಟ್ಯೂಟರಿಗೆ ಇಬ್ಬರೇ ಮಕ್ಕಳು, ದಿನವೂ ಒಂದು ಪೀರಿಯಡ್ ಗಣಿತ, ವರ್ಷವಿಡೀ ಅದೇ ಟ್ಯೂಟರ್, ಹೀಗೆ ಮಾಡಿ ನೋಡಿದ್ದಾರೆ. ಗಣಿತದ ಅಂಕ ಚೆನ್ನಾಗಿಯೇ ಏರಿತು. ಮಕ್ಕಳು ಬೇರೆ ವಿಷಯಗಳಲ್ಲಿ ಫೇಲಾಗುವುದೂ ಕಡಿಮೆಯಾಯಿತು. ಹಾಗಾಗಿ ನಿಮ್ಮ ಸ್ನೇಹಿತರನ್ನು ಕೇಳಿ: ಯಾವ ಕಾರ್ಯಕ್ರಮ, ವಾರಕ್ಕೆ ಎಷ್ಟು ದಿನ, ಎಷ್ಟು ಮಕ್ಕಳಿಗೆ ಒಬ್ಬರು, ವರ್ಷದ ಕೊನೆಗೂ ಅವರೇ ಇದ್ದರಾ? ಇಷ್ಟು ಗೊತ್ತಿಲ್ಲದೆ ಉಪಯೋಗ ಇದೆ ಅನ್ನುವುದೂ ತಪ್ಪು, ಇಲ್ಲ ಅನ್ನುವುದೂ ತಪ್ಪು.

ಪ್ರಶ್ನೆ: ನನ್ನ ಮಗಳ ಜೊತೆ ಹನ್ನೊಂದನೇ ಕ್ಲಾಸಿನಲ್ಲಿ ಓದುವ ಹುಡುಗಿ ತುಂಬಾ ಜಾಣೆ. ತಾಯಿ ಒಂದು ಹೋಟೆಲಿನಲ್ಲಿ ರೂಮು ಸ್ವಚ್ಛ ಮಾಡುವ ಕೆಲಸದಲ್ಲಿದ್ದಾರೆ, ತಂದೆ ಇಲ್ಲ. ಕಾಲೇಜಿಗೆ ವರ್ಷಕ್ಕೆ ಐವತ್ತು ಅರವತ್ತು ಸಾವಿರ ಡಾಲರ್ ಅಂತೆ, ನಮ್ಮಂಥವರಿಗಲ್ಲ ಅಂತ ಅರ್ಜಿಯನ್ನೇ ಹಾಕಲ್ಲ ಅನ್ನುತ್ತಾಳಂತೆ. ನಾವು ಇಲ್ಲಿ ಓದಿದವರಲ್ಲ, ನಮಗೂ ಇದೆಲ್ಲ ಗೊತ್ತಿಲ್ಲ. ಏನು ಹೇಳಲಿ?
— ಡಲ್ಲಾಸ್‌ನಿಂದ ಒಬ್ಬ ತಾಯಿ

ಉತ್ತರ: ಈ ಪತ್ರ ಓದಿ ನನಗೆ ಸಂಕಟವೂ ಆಯಿತು, ಸಂತೋಷವೂ ಆಯಿತು. ಹನ್ನೊಂದನೇ ಕ್ಲಾಸು ಅಂದಿರಲ್ಲ, ಇನ್ನೂ ಸಮಯ ಇದೆ. ಅವಳನ್ನು ಒಂದು ಶನಿವಾರ ಮನೆಗೆ ಕರೆಯಿರಿ, ಅವಳ ಅಮ್ಮನಿಗೆ ರಜೆ ಇರುವ ದಿನವಾದರೆ ಅವರನ್ನೂ. ಕಂಪ್ಯೂಟರ್ ಮುಂದೆ ನಿಮ್ಮ ಮಗಳನ್ನೂ ಕೂರಿಸಿ.

ಮೊದಲು ಆ ಅರವತ್ತು ಸಾವಿರದ ಹೆದರಿಕೆ ತೆಗೆಯಿರಿ. ಅದು ಬೋರ್ಡಿನ ಮೇಲೆ ಬರೆದ ಬೆಲೆ, ಎಲ್ಲರೂ ಕೊಡುವ ಬೆಲೆ ಅಲ್ಲ. ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ 'ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್' ಇರಲೇಬೇಕು, 2011ರಿಂದ ಇದು ಕಾನೂನು. ತಾಯಿಯ ಆದಾಯ, ಮನೆಯಲ್ಲಿ ಎಷ್ಟು ಜನ ಅಂತ ಹಾಕಿದರೆ ಇಂಥ ಕುಟುಂಬಕ್ಕೆ ನಿಜವಾಗಿ ಎಷ್ಟು ಬೀಳಬಹುದು ಅಂತ ಅಂದಾಜು ತೋರಿಸುತ್ತದೆ. ದೊಡ್ಡ ದತ್ತಿನಿಧಿ ಇರುವ ಕೆಲವು ದುಬಾರಿ ಖಾಸಗಿ ಕಾಲೇಜುಗಳು ಕಡಿಮೆ ಆದಾಯದ ಮಕ್ಕಳಿಗೆ ಸರ್ಕಾರಿ ಕಾಲೇಜಿಗಿಂತ ಅಗ್ಗವಾಗಿ ಬೀಳುತ್ತವೆ. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬಲ್ಲ. ಪರದೆ ಮೇಲೆ ಆ ಅಂಕಿ ನೋಡಿದಾಗಲೇ ನಂಬುತ್ತಾರೆ.

ಎರಡನೆಯದು ಫ್ಯಾಫ್ಸಾ. ಕೇಂದ್ರ ಸರ್ಕಾರದ ನೆರವಿಗೆ ಹಾಕುವ ಅರ್ಜಿ ಇದು. ಸಾಮಾನ್ಯವಾಗಿ ಹನ್ನೆರಡನೇ ಕ್ಲಾಸಿನ ಅಕ್ಟೋಬರಿನಲ್ಲಿ ತೆರೆಯುತ್ತದೆ. ಪೂರ್ತಿ ಉಚಿತ, ಇದಕ್ಕೆ ಯಾರಾದರೂ ದುಡ್ಡು ಕೇಳಿದರೆ ಆ ವೆಬ್‌ಸೈಟಿನಿಂದ ಹೊರಗೆ ಬನ್ನಿ. ಮಗು ಒಂದು ಖಾತೆ ತೆರೆಯಬೇಕು, ತಾಯಿ ಬೇರೆ ಒಂದು ಖಾತೆ ತೆರೆಯಬೇಕು. ಬಹಳ ಮನೆಗಳಲ್ಲಿ ಅರ್ಜಿ ನಿಂತುಹೋಗುವುದು ಈ ತಾಯಿಯ ಖಾತೆಯ ಹತ್ತಿರವೇ. ಹಳೆ ಫೋನ್ ನಂಬರ್, ಮರೆತ ಇಮೇಲ್, ಎರಡು ಕೆಲಸ ಮಾಡಿ ರಾತ್ರಿ 10ಕ್ಕೆ ಮನೆಗೆ ಬರುವ ಅಮ್ಮ. ನೀವು ಪಕ್ಕದಲ್ಲಿ ಕೂತು ಮಾಡಿಸುವ ಒಂದು ಗಂಟೆಯ ಕೆಲಸಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ. ಆದರೆ ಪಾಸ್‌ವರ್ಡ್ ಅವರೇ ಹಾಕಲಿ, ಅವರ ಆದಾಯದ ಕಾಗದ ನೀವು ಇಟ್ಟುಕೊಳ್ಳಬೇಡಿ. ಅವರ ಮರ್ಯಾದೆ ಮುಖ್ಯ.

ಆ ಅರ್ಜಿಯಿಂದ ಬರುವ ಪೆಲ್ ಗ್ರಾಂಟ್ 2025-26ಕ್ಕೆ ಗರಿಷ್ಠ 7,395 ಡಾಲರ್. ಸಾಲ ಅಲ್ಲ, ವಾಪಸ್ ಕೊಡಬೇಕಾಗಿಲ್ಲ. ಕಮ್ಯುನಿಟಿ ಕಾಲೇಜಿನ (ಎರಡು ವರ್ಷದ ಸರ್ಕಾರಿ ಕಾಲೇಜು) ಶುಲ್ಕಕ್ಕೆ ಬಹಳ ಕಡೆ ಇದೊಂದೇ ಸಾಕು, ಪುಸ್ತಕಕ್ಕೂ ಮಿಗುತ್ತದೆ. ಅಲ್ಲಿ ಎರಡು ವರ್ಷ ಓದಿ ದೊಡ್ಡ ವಿಶ್ವವಿದ್ಯಾಲಯಕ್ಕೆ ವರ್ಗ ಮಾಡಿಸಿಕೊಳ್ಳುವುದು ಒಳ್ಳೆಯ ದಾರಿ, ಕೀಳು ದಾರಿ ಅಲ್ಲ. ನಮ್ಮ ಜನರ ಬಾಯಲ್ಲಿ ಕಮ್ಯುನಿಟಿ ಕಾಲೇಜು ಅಂದರೆ ಒಂಥರಾ ತಾತ್ಸಾರ ಇದೆ, ಆ ಹುಡುಗಿಯ ಮುಂದೆ ದಯವಿಟ್ಟು ಅದನ್ನು ತೋರಿಸಬೇಡಿ.

ಮೂರನೆಯದು, ಪರೀಕ್ಷೆ ಮತ್ತು ಅರ್ಜಿಯ ಫೀಸು. ಶಾಲೆಯ ಕೌನ್ಸೆಲರನ್ನು ಕೇಳಿದರೆ ಕಡಿಮೆ ಆದಾಯದ ಮಕ್ಕಳಿಗೆ ಎಸ್‌ಎಟಿ (ಕಾಲೇಜು ಪ್ರವೇಶಕ್ಕೆ ಬರೆಯುವ ಪರೀಕ್ಷೆ) ಎರಡು ಸಲ ಉಚಿತ, ಜೊತೆಗೆ ಬಹಳ ಕಾಲೇಜುಗಳ ಅರ್ಜಿ ಶುಲ್ಕವೂ ಮಾಫಿ. ಅವಳು ಕೇಳಬೇಕು, ಕೇಳದೆ ಬರುವುದಿಲ್ಲ. ಕೌನ್ಸೆಲರ್ ಒಳ್ಳೆಯವರೇ ಇರುತ್ತಾರೆ, ಆದರೆ ಒಬ್ಬರಿಗೆ 250 ಮಕ್ಕಳು ಇರಬೇಕು ಅಂತ ಅವರ ಸಂಘವೇ ಹೇಳಿದರೂ ದೇಶದ ಸರಾಸರಿ 350ರ ಮೇಲಿದೆ. ಬಾಗಿಲ ಹತ್ತಿರ ಹೋಗಿ ನಿಲ್ಲುವ ಮಗುವಿಗೆ ಸಿಗುತ್ತದೆ, ಸಂಕೋಚದಲ್ಲಿ ಹಿಂದೆ ನಿಂತ ಮಗುವಿಗೆ ಸಿಗುವುದಿಲ್ಲ. ನಿಮ್ಮ ಮಗಳು ಅವಳ ಜೊತೆ ಹೋಗಲಿ.

ಇನ್ನೊಂದು: ಹತ್ತಿರದ ಯಾವುದಾದರೂ ಕಾಲೇಜಿನಲ್ಲಿ ಅಪ್‌ವರ್ಡ್ ಬೌಂಡ್ ಇದೆಯಾ ಹುಡುಕಿ. 1964ರಲ್ಲಿ ಬಡತನದ ವಿರುದ್ಧದ ಯೋಜನೆಯ ಭಾಗವಾಗಿ ಹುಟ್ಟಿದ್ದು. ಅದರ ಬೆನ್ನಿಗೇ 1965ರಲ್ಲಿ ಟ್ಯಾಲೆಂಟ್ ಸರ್ಚ್, 1968ರಲ್ಲಿ ಕಾಲೇಜು ಸೇರಿದ ಮೇಲೆ ಕೈಹಿಡಿಯುವ ಇನ್ನೊಂದು ಯೋಜನೆ ಬಂತು. ಮೂರು ಸೇರಿ ಟ್ರಯೋ ಅಂತ ಹೆಸರು ನಿಂತಿತು, ಈಗ ಸಂಖ್ಯೆ ಜಾಸ್ತಿಯಾದರೂ ಹೆಸರು ಅದೇ. ಆದಾಯ ಕಡಿಮೆ ಇರುವ, ಅಥವಾ ತಂದೆ ತಾಯಿ ಯಾರೂ ನಾಲ್ಕು ವರ್ಷದ ಪದವಿ ಪಡೆಯದ ಮನೆಯ ಹೈಸ್ಕೂಲು ಮಕ್ಕಳಿಗಾಗಿ ಅಪ್‌ವರ್ಡ್ ಬೌಂಡ್. ವರ್ಷವಿಡೀ ಪಾಠ, ಬೇಸಿಗೆಯಲ್ಲಿ ಸಾಮಾನ್ಯವಾಗಿ ಆರು ವಾರ ಕಾಲೇಜಿನ ಕ್ಯಾಂಪಸ್ಸಿನಲ್ಲೇ, ಬಹಳ ಕಡೆ ಹಾಸ್ಟೆಲಿನಲ್ಲಿ ಉಳಿದು. ಆ ಆರು ವಾರದ ಲಾಭ ಬರೀ ಪಾಠದ್ದಲ್ಲ. ಲೈಬ್ರರಿಯಲ್ಲಿ ಹೇಗೆ ಕೂರುವುದು, ಪ್ರೊಫೆಸರ ಬಾಗಿಲು ಹೇಗೆ ತಟ್ಟುವುದು, ಬಟ್ಟೆ ಎಲ್ಲಿ ಒಗೆಯುವುದು ಅನ್ನುವುದು ಗೊತ್ತಾಗಿ, ಇದು ನನ್ನ ಜಾಗವೂ ಹೌದು ಅನ್ನುವ ಧೈರ್ಯ ಬರುತ್ತದೆ. ಇನ್ನೂ ಚಿಕ್ಕ ಮಕ್ಕಳಿರುವ ಓದುಗರು ಗಿಯರ್ ಅಪ್ ಬಗ್ಗೆ ವಿಚಾರಿಸಿ. ಮಕ್ಕಳನ್ನು ಕಾಲೇಜಿಗೆ ಸಜ್ಜು ಮಾಡಲು 1998ರಲ್ಲಿ ಬಂದ ಆ ಯೋಜನೆ ಏಳನೇ ಕ್ಲಾಸಿನ ಒಳಗೇ ಶುರುವಾಗುತ್ತದೆ. ಎಂಟು, ಒಂಬತ್ತರಲ್ಲಿ ಯಾವ ಗಣಿತ ತಗೊಂಡೆ ಅನ್ನುವುದರ ಮೇಲೆ ಹನ್ನೆರಡರಲ್ಲಿ ಎಲ್ಲಿಗೆ ಅರ್ಜಿ ಹಾಕಬಹುದು ಅನ್ನುವುದು ನಿಂತಿರುತ್ತದೆ. ನಮ್ಮ ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ವಿಶ್ವವಿದ್ಯಾಲಯ ಸೇರಲು ಹೈಸ್ಕೂಲಿನಲ್ಲಿ ಗೊತ್ತುಪಡಿಸಿದ 15 ಕೋರ್ಸ್ ಮುಗಿಸಿರಬೇಕು. ಅದರಲ್ಲಿ ಒಂದು ತಪ್ಪಿದ್ದು ಹನ್ನೆರಡನೇ ಕ್ಲಾಸಿನಲ್ಲಿ ಗೊತ್ತಾಗಿ ಅತ್ತ ಮಕ್ಕಳನ್ನು ನೋಡಿದ್ದೇನೆ.

ಪ್ರಶ್ನೆ: ನಮ್ಮ ತಂದೆಯ ನೆನಪಿಗೆ ಇಲ್ಲಿನ ಬಡ ಶಾಲೆಯ ಮಕ್ಕಳಿಗೆ ಸ್ಕಾಲರ್‌ಶಿಪ್ ಇಡೋಣ ಅಂತ ಅಣ್ಣ ತಮ್ಮಂದಿರು ಯೋಚಿಸಿದ್ದೇವೆ. ಹನ್ನೆರಡನೇ ಕ್ಲಾಸಿನಲ್ಲಿ ಚೆನ್ನಾಗಿ ಅಂಕ ತೆಗೆದ ಇಬ್ಬರಿಗೆ ಚೆಕ್ ಕೊಡುವುದು ಸರಿಯೇ?
— ಅಟ್ಲಾಂಟಾದಿಂದ

ಉತ್ತರ: ಕೊಡಿ, ನಿಮ್ಮ ತಂದೆಯವರಿಗೆ ಅದಕ್ಕಿಂತ ಒಳ್ಳೆಯ ನೆನಪು ಬೇಡ. ಆದರೆ ಚೆಕ್ ಬರೆಯುವ ಮೊದಲು ಯುಜೀನ್ ಲ್ಯಾಂಗ್ ಅವರ ಕತೆ ಕೇಳಿ.

1981. ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್‌ನ ಪಿ.ಎಸ್. 121 ಅನ್ನುವ ಸರ್ಕಾರಿ ಶಾಲೆ. ಲ್ಯಾಂಗ್ ಐವತ್ತು ವರ್ಷದ ಹಿಂದೆ ಅಲ್ಲೇ ಓದಿ, ಆಮೇಲೆ ದೊಡ್ಡ ಉದ್ಯಮಿಯಾದವರು. ಆರನೇ ಕ್ಲಾಸು ಮುಗಿಸಿದ 61 ಮಕ್ಕಳ ಮುಂದೆ ಭಾಷಣ ಮಾಡಲು ಕರೆದಿದ್ದರು. ಕಷ್ಟಪಟ್ಟರೆ ಮೇಲೆ ಬರುತ್ತೀರಿ ಅಂತ ಹೇಳಬೇಕು ಅಂದುಕೊಂಡು ಬಂದಿದ್ದರು. ಇವರಲ್ಲಿ ಹೆಚ್ಚಿನವರು ಹೈಸ್ಕೂಲನ್ನೂ ಮುಗಿಸುವುದಿಲ್ಲ ಅಂತ ಅಲ್ಲಿ ಗೊತ್ತಾಯಿತು. ಬರೆದು ತಂದ ಭಾಷಣ ಬಿಟ್ಟರು. ಹೈಸ್ಕೂಲು ಮುಗಿಸಿದ ಪ್ರತಿಯೊಬ್ಬರಿಗೂ ಕಾಲೇಜಿನ ಫೀಸು ನಾನು ಕಟ್ಟುತ್ತೇನೆ ಅಂತ ಅಲ್ಲೇ ಮಾತು ಕೊಟ್ಟರು.

ಬಹಳ ಜನ ಕತೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದಿನದೇ ನಿಮಗೆ ಬೇಕಾದದ್ದು. ದುಡ್ಡಿನ ಮಾತು ಒಂದೇ ಸಾಲದು ಅಂತ ಅವರಿಗೆ ಬೇಗ ಗೊತ್ತಾಯಿತು. ಆರನೇ ಕ್ಲಾಸಿನ ಮಗುವಿಗೆ ಕಾಲೇಜು ಆರು ವರ್ಷ ದೂರ. ಆ ಆರು ವರ್ಷದಲ್ಲಿ ಮನೆ ಬದಲಾಗುತ್ತದೆ, ಅಮ್ಮನಿಗೆ ಕಾಯಿಲೆ ಬರುತ್ತದೆ, ಹುಡುಗ ಯಾರದೋ ಸಹವಾಸಕ್ಕೆ ಬೀಳುತ್ತಾನೆ. ಅದಕ್ಕೇ ಪೂರ್ತಿ ಹೊತ್ತು ಆ ಮಕ್ಕಳ ಹಿಂದೆ ಇರಲು ಒಬ್ಬರನ್ನು ಕೆಲಸಕ್ಕೆ ಇಟ್ಟರು. ತಾವೂ ಮಕ್ಕಳನ್ನು ಆಗಾಗ ಕಾಣುತ್ತಿದ್ದರು, ಅವರ ಕಷ್ಟ ಸುಖ ಕೇಳುತ್ತಿದ್ದರು. ಅದೇ ಬೆಳೆದು 'ಐ ಹ್ಯಾವ್ ಎ ಡ್ರೀಮ್' ಪ್ರತಿಷ್ಠಾನವಾಯಿತು.

ಹಾಗಾಗಿ ನನ್ನ ಸಲಹೆ ಇಷ್ಟು. ಚೆನ್ನಾಗಿ ಅಂಕ ತೆಗೆದ ಇಬ್ಬರಿಗೆ ಬೇರೆ ಕಡೆಯಿಂದಲೂ ಸಿಗಬಹುದು. ನಿಮ್ಮ ದುಡ್ಡಿನಲ್ಲಿ ಸಂಜೆ ಬಸ್ಸು ಓಡಿಸಬಹುದು, ಒಬ್ಬ ಟ್ಯೂಟರನ್ನು ವರ್ಷವಿಡೀ ಉಳಿಸಿಕೊಳ್ಳಬಹುದು. ಚೆಕ್ಕೇ ಕೊಡಬೇಕು ಅಂದರೆ ಮೊದಲ ವರ್ಷಕ್ಕೆ ಮುಗಿಸಬೇಡಿ, ಎರಡನೇ ವರ್ಷಕ್ಕೂ ಇಡಿ. ಕೊಡುವ ಮೊದಲು ಆ ಕಾಲೇಜನ್ನು ಕೇಳಿಕೊಳ್ಳಿ. ಹೊರಗಿನ ಸ್ಕಾಲರ್‌ಶಿಪ್ ಬಂದರೆ ಕೆಲವು ಕಾಲೇಜುಗಳು ತಾವು ಕೊಡುತ್ತಿದ್ದ ನೆರವನ್ನು ಅಷ್ಟಕ್ಕೆ ಕಡಿಮೆ ಮಾಡುತ್ತವೆ, ಮಗುವಿನ ಕೈಗೆ ಏನೂ ಜಾಸ್ತಿ ಸೇರುವುದಿಲ್ಲ.

ಪ್ರಶ್ನೆ: ಊರಿನಲ್ಲಿ 12 ವರ್ಷ ಗಣಿತದ ಟೀಚರಾಗಿದ್ದೆ. ಇಲ್ಲಿ ಎಚ್-4 ವೀಸಾದಲ್ಲಿ ಮನೆಯಲ್ಲಿದ್ದೇನೆ. ಸ್ವಯಂಸೇವಕಿಯಾಗಿ ಹೋಗಬಹುದಾ? ನನ್ನ ಇಂಗ್ಲಿಷ್ ಉಚ್ಚಾರಣೆಗೆ ಮಕ್ಕಳು ನಗುತ್ತಾರೇನೋ ಅಂತ ಭಯ.
— ಸಿಯಾಟಲ್‌ನಿಂದ

ಉತ್ತರ: ಎಚ್-4 ಅಂದರೆ ಇಲ್ಲಿ ಕೆಲಸಕ್ಕೆ ಬಂದವರ ಗಂಡ ಅಥವಾ ಹೆಂಡತಿಗೆ ಕೊಡುವ ವೀಸಾ, ಸಾಮಾನ್ಯವಾಗಿ ಅದರಲ್ಲಿ ಸಂಬಳದ ಕೆಲಸ ಮಾಡುವ ಹಾಗಿಲ್ಲ. ಸಂಬಳ, ಭತ್ಯೆ ಯಾವುದೂ ಇಲ್ಲದೆ, ಸಾಮಾನ್ಯವಾಗಿ ಸ್ವಯಂಸೇವಕರೇ ಮಾಡುವಂಥ ಕೆಲಸಕ್ಕೆ ತೊಂದರೆ ಇರುವುದಿಲ್ಲ. ಸಂಬಳ ಕೊಟ್ಟು ಮಾಡಿಸುವ ಹುದ್ದೆಯ ಕೆಲಸವನ್ನು ಬಿಟ್ಟಿಯಾಗಿ ಮಾಡಬಾರದು. ಒಂದು ಸಲ ನಿಮ್ಮ ವಕೀಲರಿಗೆ ಇಮೇಲ್ ಹಾಕಿ ಕೇಳಿಕೊಂಡು ಹೋಗಿ, ನಿಶ್ಚಿಂತೆ.

ಉಚ್ಚಾರಣೆಗೆ ಮೊದಲ ದಿನ ಒಬ್ಬಿಬ್ಬರು ನಗಬಹುದು. ನಕ್ಕರೆ ನಗಲಿ. ಆ ಮೇಜಿನ ಸುತ್ತ ಕೂರುವ ಮಕ್ಕಳಲ್ಲಿ ಅರ್ಧದಷ್ಟು ಜನರ ಮನೆಯಲ್ಲಿ ಸ್ಪ್ಯಾನಿಷೋ, ವಿಯೆಟ್ನಾಮೀಸೋ, ಸೊಮಾಲಿಯೋ ಇರುತ್ತದೆ. ಬೇರೆ ಭಾಷೆಯಿಂದ ಬಂದವರೊಬ್ಬರು ಧೈರ್ಯವಾಗಿ ನಿಂತು ಗಣಿತ ಹೇಳುವುದನ್ನು ಅವರು ನೋಡಬೇಕು. 12 ವರ್ಷ ಪಾಠ ಮಾಡಿದ ನಿಮ್ಮಂಥವರು ಮನೆಯಲ್ಲಿ ಕೂತಿದ್ದೀರಿ ಅನ್ನುವುದೇ ನನಗೆ ಹೊಟ್ಟೆ ಉರಿಯುವ ವಿಷಯ. ನಾಳೆಯೇ ಫೋನ್ ಮಾಡಿ.

ಪ್ರಶ್ನೆ: ಎರಡು ವರ್ಷ ಒಬ್ಬ ಹುಡುಗನಿಗೆ ಪ್ರಬಂಧ, ಅರ್ಜಿ ಎಲ್ಲ ಬರೆಯಲು ಸಹಾಯ ಮಾಡಿದೆ. ಒಳ್ಳೆಯ ಕಡೆ ಸೀಟು ಸಿಕ್ಕಿತು, ನೆರವೂ ಸಿಕ್ಕಿತು, ನಾವೆಲ್ಲ ಕೇಕ್ ಕತ್ತರಿಸಿದೆವು. ಸೆಪ್ಟೆಂಬರಿನಲ್ಲಿ ಗೊತ್ತಾಯಿತು, ಅವನು ಕಾಲೇಜಿಗೆ ಹೋಗಲೇ ಇಲ್ಲ. ಮನಸ್ಸು ಮುರಿದುಹೋಗಿದೆ. ಇನ್ನು ಈ ಕೆಲಸ ಬೇಡ ಅನ್ನಿಸುತ್ತಿದೆ.
— ಫೀನಿಕ್ಸ್‌ನಿಂದ ಒಬ್ಬರು

ಉತ್ತರ: ಅಣ್ಣಾ, ನನಗೂ ಇದು ಆಗಿದೆ. ಅದಕ್ಕೇ ನಿಮ್ಮ ಪತ್ರವನ್ನು ಕೊನೆಗೆ ಇಟ್ಟುಕೊಂಡೆ.

ಇದಕ್ಕೆ ಇಲ್ಲಿ 'ಸಮ್ಮರ್ ಮೆಲ್ಟ್' ಅಂತ ಹೆಸರೇ ಇದೆ, ಬೇಸಿಗೆಯಲ್ಲಿ ಕರಗಿಹೋಗುವುದು. ಹೈಸ್ಕೂಲು ಜೂನ್ ಹೊತ್ತಿಗೆ ಮುಗಿಯುತ್ತದೆ, ಕಾಲೇಜು ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ ಶುರು. ನಡುವಿನ ಆ ಎರಡು ಮೂರು ತಿಂಗಳು ಮಗು ಯಾರ ಲೆಕ್ಕದಲ್ಲೂ ಇರುವುದಿಲ್ಲ. ಶಾಲೆಗೆ ಮುಗಿದ ಕೆಲಸ, ಕಾಲೇಜಿಗೆ ಇನ್ನೂ ಶುರುವಾಗದ ಕೆಲಸ. ಆ ಹೊತ್ತಿನಲ್ಲೇ ಕಾಗದಗಳ ಮಳೆ. ಹಾಸ್ಟೆಲ್ ಮುಂಗಡ, ಲಸಿಕೆ ದಾಖಲೆ, ಆರೋಗ್ಯ ವಿಮೆ ಬೇಡ ಅನ್ನುವ ಫಾರಂ, ಆದಾಯದ ಮರುಪರಿಶೀಲನೆ, ಓರಿಯೆಂಟೇಷನ್. ಒಂದು ತಪ್ಪಿದರೂ ಬಿಲ್ ಏರುತ್ತದೆ, ಇಲ್ಲವೇ ಸೀಟು ಹೋಗುತ್ತದೆ. ಓದಿದ ಅಪ್ಪ ಅಮ್ಮ ಇರುವ ಮನೆಯಲ್ಲಿ ಇದನ್ನು ಅವರೇ ನೋಡಿಕೊಳ್ಳುತ್ತಾರೆ. ಬೇರೆ ಮನೆಗಳಲ್ಲಿ 18 ವರ್ಷದ ಮಗು ಒಂದೇ ಕೂತು ಇದನ್ನೆಲ್ಲ ಬಿಡಿಸಬೇಕು, ಅದೂ ಬೇಸಿಗೆ ಕೆಲಸ ಮುಗಿಸಿ ಬಂದು ರಾತ್ರಿ.

ನನ್ನ ಹುಡುಗಿಯ ವಿಷಯ ಹೇಳುತ್ತೇನೆ. ನಾಲ್ಕು ವರ್ಷ ನನ್ನ ಮೇಜಿನಲ್ಲಿ ಕೂತವಳು. ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ನಾನು ಜೂನಿನಲ್ಲಿ ಊರಿಗೆ ಹೊರಟುಹೋದೆ, ಅಮ್ಮನಿಗೆ ಹುಷಾರಿರಲಿಲ್ಲ. ಕೊನೆಯ ಅಂಕಪಟ್ಟಿಯನ್ನು ಜುಲೈ ಮಧ್ಯದೊಳಗೆ ಹೈಸ್ಕೂಲಿನಿಂದ ಕಳಿಸಬೇಕು ಅಂತ ಕಾಲೇಜಿನಿಂದ ಮೂರು ಇಮೇಲ್ ಹೋಗಿತ್ತಂತೆ. ಅವಳು ಅರ್ಜಿಯಲ್ಲಿ ಕೊಟ್ಟಿದ್ದು ಶಾಲೆಯ ಇಮೇಲ್ ಐಡಿ. ಹೈಸ್ಕೂಲು ಮುಗಿದ ಮೇಲೆ ಶಾಲೆಯವರು ಆ ಖಾತೆ ಮುಚ್ಚಿದ್ದರು. ಮೂರು ಪತ್ರವೂ ಅವಳಿಗೆ ಸೇರಲಿಲ್ಲ. ಆಗಸ್ಟಿನಲ್ಲಿ ಹೋಗಿ ವಿಚಾರಿಸಿದಾಗ ಸೀಟು ರದ್ದಾಗಿತ್ತು. ತಪ್ಪು ಅವಳದಲ್ಲ. ಆ ಐಡಿ ಹಾಕು ಅಂತ ಹೇಳಿದ್ದು ನಾನು.

ಅವಳು ಕಮ್ಯುನಿಟಿ ಕಾಲೇಜಿಗೆ ಸೇರಿದಳು. ಎರಡೂವರೆ ವರ್ಷದ ಮೇಲೆ ಅದೇ ವಿಶ್ವವಿದ್ಯಾಲಯಕ್ಕೆ ವರ್ಗವಾಗಿ ಹೋದಳು. ಹಾಗಂತ ಆ ಬೇಸಿಗೆಯನ್ನು ನಾನು ಮರೆತಿಲ್ಲ. ಈಗ ಒಂಬತ್ತನೇ ಕ್ಲಾಸಿನ ಮಗು ಬಂದ ಮೊದಲ ವಾರವೇ ಸ್ವಂತ ಇಮೇಲ್ ಮಾಡಿಸುತ್ತೇನೆ.

ಬೆಂಜಮಿನ್ ಕ್ಯಾಸಲ್‌ಮನ್, ಲಿಂಡ್ಸೆ ಪೇಜ್ ಅನ್ನುವ ಇಬ್ಬರು ಸಂಶೋಧಕರು ಈ ವಿಷಯದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಬೇಸಿಗೆಯಲ್ಲಿ ಮಕ್ಕಳಿಗೆ ಫೋನಿನಲ್ಲಿ ಮೆಸೇಜ್ ಕಳಿಸಿ, ಇವತ್ತು ಈ ಫಾರಂ, ನಾಳೆ ಫೀಸು ಕಟ್ಟುವ ದಿನ, ತೊಂದರೆ ಆದರೆ ಇಲ್ಲಿ ಉತ್ತರಿಸು, ಅಂತ ನೆನಪಿಸಿದಾಗ ಕೆಲವು ಊರುಗಳಲ್ಲಿ ಹೆಚ್ಚು ಮಕ್ಕಳು ಕಾಲೇಜು ತಲುಪಿದರು. ಆಮೇಲೆ ಬೇರೆಡೆ ಇಂಥದೇ ಮೆಸೇಜುಗಳನ್ನು ದೇಶದ ಮಟ್ಟದಲ್ಲಿ ಲಕ್ಷಾಂತರ ಮಕ್ಕಳಿಗೆ ಕಳಿಸಿ ನೋಡಿದಾಗ ಪರಿಣಾಮ ಕಾಣಲಿಲ್ಲ. ನನಗೆ ಅನ್ನಿಸುವುದು ಇಷ್ಟೇ: ಗೊತ್ತಿರುವವರ ಮೆಸೇಜಿಗೆ ಮಗು ಉತ್ತರ ಕೊಡುತ್ತದೆ, ಗೊತ್ತಿಲ್ಲದ ನಂಬರಿನದ್ದನ್ನು ಅಳಿಸುತ್ತದೆ.

ನೀವು ಆ ಹುಡುಗನಿಗೆ ಗೊತ್ತಿರುವವರು, ಅಲ್ವಾ? ಹಾಗಾದರೆ ಈಗಲೇ ಫೋನ್ ಮಾಡಿ. ಯಾಕೆ ಹೋಗಲಿಲ್ಲ ಅಂತ ಕೇಳಬೇಡಿ, ಹೇಗಿದ್ದೀಯ ಅಂತ ಕೇಳಿ. ಅವನಿಗೆ ನಿಮ್ಮ ಮುಖ ನೋಡಲು ನಾಚಿಕೆಯಾಗಿರುತ್ತದೆ, ಅದಕ್ಕೇ ಅವನಾಗಿ ಹೇಳಿಲ್ಲ. ಮಾತಿಗೆ ಸಿಕ್ಕಿದ ಮೇಲೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಜನವರಿಯ ಪ್ರವೇಶ ಯಾವಾಗ ತೆರೆಯುತ್ತದೆ ನೋಡಿ. ಮೊದಲ ಕಾಲೇಜಿಗೆ ಬರೆದು ಸೀಟನ್ನು ಮುಂದಿನ ವರ್ಷಕ್ಕೆ ಉಳಿಸಲು ಆಗುತ್ತದಾ ಕೇಳಿಸಿ. ಅವನು ಈ ವರ್ಷಕ್ಕೆ ಹಾಕಿದ ಫ್ಯಾಫ್ಸಾ ಇನ್ನೂ ಚಾಲ್ತಿಯಲ್ಲಿದೆ, ಹೊಸ ಕಾಲೇಜಿನ ಹೆಸರು ಸೇರಿಸಿದರೆ ಸಾಕು. ಅವನ ಜೊತೆ ಆಫೀಸಿನ ತನಕ ಹೋಗಿ. ಒಳಗೆ ಅವನೇ ಮಾತಾಡಲಿ, ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ.